ಹಳೆ ಕಾರಿನ ಬ್ರೇಕ್ ಪೈಪ್: ಪೈಪಿನ ತುದಿ ನೋಡಿ ಟೂಲ್ ಕೊಳ್ಳಿ

ಹಳೆ ಅಂಬಾಸಿಡರ್, ಪದ್ಮಿನಿ ಅಥವಾ ಜೀಪನ್ನು ಮತ್ತೆ ರಸ್ತೆಗಿಳಿಸುವವರು ಎಂಜಿನ್ನಿಗೆ, ಪೇಂಟಿಗೆ, ಸೀಟಿಗೆ ಕೈಬಿಚ್ಚಿ ಖರ್ಚು ಮಾಡುತ್ತಾರೆ. ಕಾರಿನ ಹೊಟ್ಟೆಯಡಿ ಹಾದುಹೋಗುವ, ಪೆನ್ಸಿಲ್‌ಗಿಂತ ತೆಳ್ಳನೆಯ ಬ್ರೇಕ್ ಪೈಪು ಮಾತ್ರ ಹಾಗೇ ಉಳಿದುಬಿಡುತ್ತದೆ. ಟೈರಿನಲ್ಲಿ ಇರುವುದು 30 ಪೌಂಡ್ ಚಿಲ್ಲರೆ ಒತ್ತಡ. ಹೆದರಿ ಬ್ರೇಕ್ ತುಳಿದ ಕ್ಷಣದಲ್ಲಿ ಆ ಸಣ್ಣ ಪೈಪಿನೊಳಗೆ ಏಳುವುದು ಚದರ ಇಂಚಿಗೆ 1,000 ಪೌಂಡಿಗೂ ಮಿಕ್ಕಿದ ಒತ್ತಡ. ನಾಲ್ಕೂ ಚಕ್ರಕ್ಕೆ ಒಂದೇ ಆಯಿಲ್ ದಾರಿ ಇರುವ ಹಳೆಯ ಸಿಂಗಲ್ ಸರ್ಕ್ಯೂಟ್ ಕಾರಿನಲ್ಲಿ ಒಂದು ಕಡೆ ಪೈಪ್ ಒಡೆದರೂ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತದೆ. ಕೈಗೆ ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ.

ತುಕ್ಕು ಎರಡೂ ಕಡೆಯಿಂದ ತಿನ್ನುತ್ತದೆ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರಿಕೊಳ್ಳುವುದರಿಂದ, ವರ್ಷಗಟ್ಟಲೆ ಬದಲಾಯಿಸದೆ ಬಿಟ್ಟರೆ ಪೈಪ್ ಒಳಗಿನಿಂದಲೇ ಸವೆಯುತ್ತದೆ. ಹೊರಗಡೆ, ಪೈಪನ್ನು ಹಿಡಿದಿಟ್ಟ ಕ್ಲಿಪ್ಪಿನ ಸಂದಿಯಲ್ಲಿ ಕೆಸರು ಕೂರುತ್ತದೆ. ಮಂಡ್ಯದ ನಾಲೆ ಏರಿಯ ಮೇಲೆ, ಕಬ್ಬಿನ ಗದ್ದೆಯ ದಾರಿಯಲ್ಲಿ ಓಡಾಡಿ ಬಂದ ಗಾಡಿಯ ಕ್ಲಿಪ್ ಬಿಚ್ಚಿ ನೋಡಿ: ಪೈಪಿನ ಉಳಿದ ಭಾಗ ಚೆನ್ನಾಗಿದ್ದರೂ ಕ್ಲಿಪ್ಪಿನಡಿಯ ಅರ್ಧ ಇಂಚು ಪದರ ಪದರವಾಗಿ ಎದ್ದಿರುತ್ತದೆ. ಅಂಥ ಕಡೆ ಉಗುರಿನಿಂದ ಕೆರೆದಾಗ ಚಕ್ಕೆ ಬಂದರೆ ಇಡೀ ಸೆಟ್ ಬದಲಾಯಿಸಿ. ಒಂದು ತುಂಡು ಕತ್ತರಿಸಿ ಜೋಡಿಸುವ ಕೆಲಸ ಬೇಡ.

ಮೊದಲು ನೋಡಬೇಕಾದ್ದು ಪೋರ್ಟಿನ ತಳ

ಹೆಚ್ಚಿನವರು ಮೊದಲು ಫ್ಲೇರಿಂಗ್ ಟೂಲ್ (ಪೈಪಿನ ತುದಿಯನ್ನು ಅಗಲಿಸಿ ಆಕಾರ ಕೊಡುವ ಸಾಧನ; ಆ ಆಕಾರವೇ ಫ್ಲೇರ್) ಕೊಂಡು, ಆಮೇಲೆ ಕಾರಿನಡಿ ನುಗ್ಗುತ್ತಾರೆ. ಇದು ತಿರುಗುಮುರುಗು. ಯಾವ ಟೂಲ್ ಬೇಕು ಎಂದು ತೀರ್ಮಾನಿಸುವುದು ಪೈಪಿನ ತುದಿಯ ಆಕಾರ ಮತ್ತು ಅದು ಹೋಗಿ ಕೂರುವ ಪೋರ್ಟು.

ಒಂದು ನಟ್ ಬಿಚ್ಚಿ, ಚಕ್ರದಲ್ಲಿ ಬ್ರೇಕನ್ನು ಒತ್ತುವ ವೀಲ್ ಸಿಲಿಂಡರಿನ ಅಥವಾ ಪೈಪು ಕವಲೊಡೆಯುವ ಟೀ ಜಾಯಿಂಟಿನ ತೂತಿನೊಳಗೆ ಟಾರ್ಚ್ ಬಿಡಿ. ತಳದಲ್ಲಿ ಚಿಕ್ಕ ಶಂಕು ಮೇಲಕ್ಕೆ ಎದ್ದಿದ್ದು, ಅದರ ನೆತ್ತಿಯಲ್ಲಿ ತೂತಿದ್ದರೆ ಅಲ್ಲಿಗೆ ಡಬ್ಬಲ್ ಫ್ಲೇರ್ ಬೇಕು. ಪೈಪಿನ ತುದಿ ಆಲಿಕೆಯ ಹಾಗೆ ಒಳಕ್ಕೆ ತಗ್ಗಾಗಿದ್ದು, ಆ ಶಂಕುವಿನ ಮೇಲೆ ಟೋಪಿಯಂತೆ ಕೂರುತ್ತದೆ. ತಳ ಬಟ್ಟಲಿನಂತೆ ತಗ್ಗಾಗಿದ್ದರೆ ಅಲ್ಲಿಗೆ ಬಬಲ್ ಫ್ಲೇರ್. ಪೈಪಿನ ತುದಿ ಗುಂಡಗೆ ಉಬ್ಬಿ ಆ ತಗ್ಗಿನಲ್ಲಿ ಕೂರುತ್ತದೆ. ನಟ್ಟಿನ ಮೂತಿಯೂ ಸಾಕ್ಷಿ ಹೇಳುತ್ತದೆ: ಡಬ್ಬಲ್ ಫ್ಲೇರಿನ ನಟ್ಟಿಗೆ ತುದಿಯಲ್ಲಿ ಇಳಿಜಾರು, ಬಬಲ್ ನಟ್ಟಿನ ತುದಿ ಸಾಮಾನ್ಯವಾಗಿ ಚಪ್ಪಟೆ.

ಒಂದೇ ಕಾರಿನಲ್ಲಿ ಎರಡೂ ಇರಬಹುದು. ಬ್ರಿಟಿಷ್ ವಿನ್ಯಾಸದ ಹಳೆ ಗಾಡಿಗಳಲ್ಲಿ ಇದು ಅಪರೂಪವೇ ಅಲ್ಲ. ಆದ್ದರಿಂದ ಒಂದು ತುದಿ ನೋಡಿ ಉಳಿದವೂ ಹೀಗೇ ಎಂದುಕೊಳ್ಳಬೇಡಿ. ಪ್ರತಿ ತುದಿಯನ್ನೂ ನೋಡಿ, ಕಾಗದದಲ್ಲಿ ಪೈಪುಗಳ ನಕ್ಷೆ ಬರೆದು ಪಕ್ಕದಲ್ಲಿ ಗುರುತು ಹಾಕಿ. ಅದಲು ಬದಲಾದರೆ ನಟ್ ಬಿಗಿಯಾಗುತ್ತದೆ, ಕಣ್ಣಿಗೂ ಸರಿಯಾಗಿ ಕಾಣುತ್ತದೆ, ಆದರೆ ಒಳಗೆ ಎರಡು ಲೋಹ ಕೂಡುವುದು ಕೂದಲೆಳೆಯಷ್ಟು ಗೆರೆಯಲ್ಲಿ ಮಾತ್ರ. ಮೆಲ್ಲಗೆ ತುಳಿದಾಗ ಸೋರದೆ, ಜೋರಾಗಿ ತುಳಿದ ದಿನವೇ ಸೋರುವ ಜಾಯಿಂಟ್ ಇದು.

ಮುಂದಿನದು ಥ್ರೆಡ್. ಮಾರಿಸ್ ಆಕ್ಸ್‌ಫರ್ಡ್ ಮೂಲದ ಅಂಬಾಸಿಡರ್ ಮತ್ತು ವಿಲ್ಲಿಸ್ ಮೂಲದ ಜೀಪು ಇಂಚಿನ ಲೆಕ್ಕದವು. 3/16 ಇಂಚಿನ ಪೈಪಿಗೆ ಸಾಮಾನ್ಯವಾಗಿ 3/8 ಇಂಚಿನ, ಇಂಚಿಗೆ 24 ಥ್ರೆಡ್ ಇರುವ ನಟ್. ಕೆಲವು ಜೀಪುಗಳಲ್ಲಿ ಕಾಲಿಂಚಿನ ಪೈಪೂ ಸಿಗುತ್ತದೆ, ಅದರ ನಟ್ 7/16 ಇಂಚು, 24 ಥ್ರೆಡ್. ಫಿಯೆಟ್ ಮೂಲದ ಪದ್ಮಿನಿ ಮೆಟ್ರಿಕ್. ಮೆಟ್ರಿಕ್‌ನಲ್ಲೂ 10 ಮಿಲಿಮೀಟರ್ ನಟ್ಟಿಗೆ ಪಿಚ್, ಅಂದರೆ ಒಂದು ಥ್ರೆಡ್ಡಿನಿಂದ ಮುಂದಿನದಕ್ಕೆ ಇರುವ ಅಂತರ, 1 ಮಿಲಿಮೀಟರ್, 1.25 ಮಿಲಿಮೀಟರ್ ಎರಡೂ ಉಂಟು. ನಡುವೆ ಯಾರೋ ಮಾಸ್ಟರ್ ಸಿಲಿಂಡರ್ (ಪೆಡಲ್ ತುಳಿದಾಗ ಆಯಿಲನ್ನು ಒತ್ತುವ ಭಾಗ) ಬದಲಾಯಿಸಿದ್ದರಂತೂ ಒಂದೇ ಗಾಡಿಯಲ್ಲಿ ಇಂಚು, ಮೆಟ್ರಿಕ್ ಎರಡೂ ಬೆರೆತಿರಬಹುದು.

3/8 ನಟ್ಟಿನ ಹೊರ ಅಳತೆ 9.5 ಮಿಲಿಮೀಟರ್, ಪಿಚ್ 1.06. ಮೆಟ್ರಿಕ್ ನಟ್ 10 ಮಿಲಿಮೀಟರ್, ಪಿಚ್ 1. ಕಣ್ಣಿಗೆ ಎರಡೂ ಒಂದೇ. ಇಂಚಿನ ನಟ್ಟನ್ನು ಮೆಟ್ರಿಕ್ ತೂತಿಗೆ ಹಾಕಿದರೆ ಸಡಿಲವಾಗಿ ಕೊನೆಯವರೆಗೂ ಹೋಗಿ, ಬಿಗಿ ಮಾಡುವಾಗ ಥ್ರೆಡ್ ಕಿತ್ತು ಬರುತ್ತದೆ. ಮೆಟ್ರಿಕ್ ನಟ್ಟನ್ನು ಇಂಚಿನ ತೂತಿಗೆ ಹಾಕಿದರೆ ಒಂದೆರಡು ಸುತ್ತಿಗೇ ಹಿಡಿಯುತ್ತದೆ. ಅಲ್ಲಿ ಪಾನಾ ಹಾಕಿ ಬಲ ತೋರಿಸಿದರೆ ವೀಲ್ ಸಿಲಿಂಡರ್ ಗುಜರಿಗೆ. ಆದ್ದರಿಂದ ವರ್ನಿಯರ್ ಕ್ಯಾಲಿಪರ್ ಮತ್ತು ಇಂಚು, ಮೆಟ್ರಿಕ್ ಎರಡೂ ಇರುವ ಪಿಚ್ ಗೇಜ್, ಈ ಎರಡನ್ನು ಎಲ್ಲಕ್ಕಿಂತ ಮೊದಲು ತನ್ನಿ. ಹಳೆ ನಟ್ಟುಗಳ ತಲೆ ಸವೆದಿಲ್ಲದಿದ್ದರೆ, ಥ್ರೆಡ್ ನೆಟ್ಟಗಿದ್ದರೆ, ವೈರ್ ಬ್ರಷ್ಷಿನಲ್ಲಿ ಉಜ್ಜಿ ಅವನ್ನೇ ಬಳಸುವುದು ಉತ್ತಮ.

ಯಾವ ಪೈಪ್

3/16 ಇಂಚು ಎಂದರೆ 4.75 ಮಿಲಿಮೀಟರ್ ಹೊರ ವ್ಯಾಸ, ಗೋಡೆ ಸುಮಾರು 0.7 ಮಿಲಿಮೀಟರ್. ಕಂಪನಿಯಿಂದ ಬಂದಿದ್ದು ಉಕ್ಕಿನ ತಗಡನ್ನು ಎರಡು ಸುತ್ತು ಸುತ್ತಿ ತಾಮ್ರದಲ್ಲಿ ಬೆಸೆದ ಬಂಡಿ ಪೈಪ್. ಅದೇ ಬಗೆಯ, ಮೇಲೆ ಲೇಪನವಿರುವ ಉಕ್ಕಿನ ಪೈಪ್ ಇಂದಿಗೂ ಒಳ್ಳೆಯ ಆಯ್ಕೆ. ಒಂದೇ ಪದರದ, ಉದ್ದಕ್ಕೂ ಬೆಸುಗೆ ಗೆರೆ ಇರುವ ಪೈಪ್ ಬೇಡ, ಫ್ಲೇರ್ ಮಾಡುವಾಗ ಆ ಗೆರೆಗುಂಟ ಸೀಳುತ್ತದೆ.

ಮನೆಯಲ್ಲಿ ಮೊದಲ ಬಾರಿ ಮಾಡುವವರಿಗೆ ನಮ್ಮ ಸಲಹೆ ತಾಮ್ರ ನಿಕಲ್ ಮಿಶ್ರಲೋಹದ ಪೈಪ್, ಅಂದರೆ ನೂರಕ್ಕೆ ಸುಮಾರು 10 ಪಾಲು ನಿಕಲ್ ಇರುವುದು. ಕೈಯಲ್ಲೇ ಬಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ, ಕಡಿಮೆ ಬೆಲೆಯ ಟೂಲಿನಲ್ಲೂ ಫ್ಲೇರ್ ಚೆನ್ನಾಗಿ ಕೂರುತ್ತದೆ. ಬೆಲೆ ಹೆಚ್ಚು. ಆದರೆ ಹಾಳಾಗುವ ತುಂಡುಗಳ ಲೆಕ್ಕ ಹಾಕಿದರೆ ಅಂತರ ಬಹಳ ಇಲ್ಲ. ಸ್ಟೇನ್‌ಲೆಸ್ ಪೈಪ್ ಹೊಳೆಯುತ್ತದೆ ನಿಜ, ಆದರೆ ಗಟ್ಟಿ. ಕೈ ಟೂಲಿನಲ್ಲಿ ಡಬ್ಬಲ್ ಫ್ಲೇರ್ ಮಾಡಹೋದರೆ ಬಿರಿಯುತ್ತದೆ.

ಏಸಿ, ಫ್ರಿಜ್ ಅಂಗಡಿಯಲ್ಲಿ ಸಿಗುವ ಮೆತ್ತನೆ ತಾಮ್ರದ ಪೈಪನ್ನು ಬ್ರೇಕಿಗೆ ಹಾಕಬೇಡಿ. ಅಳತೆ ಒಂದೇ ಇದ್ದರೂ ಬೇಡ. ಬರಿ ತಾಮ್ರ ಅದುರಿ ಅದುರಿ ಗಟ್ಟಿಯಾಗಿ, ನಟ್ಟಿನ ಹಿಂಬದಿಯಲ್ಲಿ ಸುತ್ತಲೂ ಬಿರುಕು ಬಿಡುತ್ತದೆ.

7.6 ಮೀಟರಿನ, ಅಂದರೆ 25 ಅಡಿಯ ಒಂದು ಸುರುಳಿ ಒಂದು ಕಾರಿಗೆ ಸಾಮಾನ್ಯವಾಗಿ ಸಾಕು, ಆದರೂ ಹಳೆ ಪೈಪುಗಳನ್ನು ಕೂಡಿಸಿ ಅಳೆದೇ ಕೊಳ್ಳಿ. ಅಭ್ಯಾಸಕ್ಕೆಂದು ಅರ್ಧ ಮೀಟರ್ ಸೇರಿಸಿಕೊಳ್ಳಿ. ಸಿಂಗಲ್ ಸರ್ಕ್ಯೂಟ್ ಕಾರಿನಲ್ಲಿ ಸುಮಾರು 6 ತುಂಡು, 12 ತುದಿ ಬರುತ್ತವೆ. ಹೊಸ ನಟ್ ಕೊಳ್ಳುವುದಾದರೆ 16 ತನ್ನಿ.

ಫ್ಲೇರಿಂಗ್ ಟೂಲ್

ಮೈಸೂರಿನ ಯಾವುದೇ ಹಾರ್ಡ್‌ವೇರ್ ಅಥವಾ ಏಸಿ ಸಾಮಾನಿನ ಅಂಗಡಿಯಲ್ಲಿ "ಫ್ಲೇರಿಂಗ್ ಟೂಲ್" ಎಂದು ಕೇಳಿದರೆ ಕೈಗೆ ಬರುವುದು ಬಹುತೇಕ ಏಸಿ ಮೆಕ್ಯಾನಿಕ್‌ನ ಸೆಟ್. ಪೈಪ್ ಹಿಡಿಯುವ ತೂತುಗಳ ಪಟ್ಟಿ, ಅದರ ಮೇಲೆ ಕೂತು ತಿರುಪಿನಿಂದ ಒತ್ತುವ ನೊಗ, ತುದಿಯಲ್ಲಿ ಒಂದು ಶಂಕು, ಅಷ್ಟೇ. ಅದು 45 ಡಿಗ್ರಿಯ ಸಿಂಗಲ್ ಫ್ಲೇರ್ ಮಾಡುತ್ತದೆ, ತಾಮ್ರದ ಪೈಪಿನ ಬಾಯಿಯನ್ನು ಒಮ್ಮೆ ಅಗಲಿಸಿ ಬಿಡುತ್ತದೆ. ಬ್ರೇಕಿನ ಉಕ್ಕಿನ ಪೈಪಿಗೆ ಹಾಗೆ ಮಾಡಿದರೆ ಅಂಚು ಸೀಳುತ್ತದೆ. ಸೀಳದಿದ್ದರೂ ಒಂದೇ ಪದರದ ತೆಳು ಅಂಚು ಬ್ರೇಕಿನ ಒತ್ತಡಕ್ಕೆ ನಿಲ್ಲುವಂಥದ್ದಲ್ಲ. ಸೆಟ್ಟಿನಲ್ಲಿ ನಡುವೆ ಮೊಳೆ ಇರುವ, ಗುಂಡಿಯಾಕಾರದ ಡೈಗಳು (ಅಚ್ಚುಗಳು) ಇದ್ದರೆ ಮಾತ್ರ ಅದು ಡಬ್ಬಲ್ ಫ್ಲೇರಿನದು. ಅಂಗಡಿಯಲ್ಲೇ ಪೆಟ್ಟಿಗೆ ತೆರೆದು ನೋಡಿ.

ಮಂಡ್ಯ ಭಾಗದಲ್ಲಿ ಟ್ರ್ಯಾಕ್ಟರ್, ಜೆಸಿಬಿ ಹೋಸ್ ಮಾಡಿಕೊಡುವ ಅಂಗಡಿಗಳೂ ಇವೆ. ಆ ಹೈಡ್ರಾಲಿಕ್ ಫಿಟ್ಟಿಂಗುಗಳಲ್ಲಿ 37 ಡಿಗ್ರಿಯ ಕೋನ ಸಾಮಾನ್ಯ, ಹಳೆ ಕಾರಿನ ಡಬ್ಬಲ್ ಫ್ಲೇರಿಗೆ ಬೇಕಾದ್ದು 45. ಅವರ ಕೆಲಸ ಎಷ್ಟೇ ಗಟ್ಟಿಯಿರಲಿ, ಕೋನ ಬೇರೆಯಾದರೆ ಜಾಯಿಂಟ್ ಕೂರುವುದಿಲ್ಲ.

ಡಬ್ಬಲ್ ಫ್ಲೇರ್ ಟೂಲಿನಲ್ಲಿ ಮೂರು ದರ್ಜೆ. ಪಟ್ಟಿ ಮತ್ತು ನೊಗದ ಸೆಟ್ ಅಗ್ಗ. ತಾಮ್ರ ನಿಕಲ್ ಪೈಪಿಗೆ ನಡೆಯುತ್ತದೆ, ಉಕ್ಕಿಗೆ ಕಷ್ಟ. ಕೊಳ್ಳುವಾಗ ತೂತಿನ ಅಳತೆ ನೋಡಿ. 4.75 ಅಥವಾ 3/16 ಎಂದು ಬರೆದಿರಬೇಕು. 5 ಮಿಲಿಮೀಟರಿನ ತೂತಿನಲ್ಲಿ ಪೈಪ್ ಹಿಡಿತಕ್ಕೆ ಸಿಗದೆ ಹಿಂದಕ್ಕೆ ಜಾರುತ್ತದೆ. ಎರಡನೆಯದು ಬೆಂಚ್ ವೈಸಿಗೆ ಕಚ್ಚಿಸುವ, ಉದ್ದ ಹಿಡಿಯ ಟೂಲ್. ಪೈಪನ್ನು ಉದ್ದನೆಯ ಡೈ ಎರಡೂ ಕಡೆಯಿಂದ ಅಪ್ಪಿ ಹಿಡಿಯುತ್ತದೆ, ಡೈಗಳು ಒಂದು ಗಾಲಿಯ ಮೇಲೆ ಸರದಿಯಾಗಿ ಬರುತ್ತವೆ, ಮಧ್ಯಕ್ಕೆ ತಪ್ಪುವ ಮಾತೇ ಕಡಿಮೆ. ಒಂದಕ್ಕಿಂತ ಹೆಚ್ಚು ಹಳೆ ಗಾಡಿ ಇರುವವರು, ಅಥವಾ ಇಬ್ಬರು ಮೂವರು ಗೆಳೆಯರು ಹಣ ಸೇರಿಸುವವರು, ಕಣ್ಣುಮುಚ್ಚಿ ಇದನ್ನೇ ಕೊಳ್ಳಿ. ಮೂರನೆಯದು ಹೈಡ್ರಾಲಿಕ್ ಕೈ ಟೂಲ್. ಉಕ್ಕಾದರೂ ಲೀಲಾಜಾಲ, ಕಾರಿನಡಿಯಲ್ಲೇ ಫ್ಲೇರ್ ಮಾಡಬಹುದು, ಆದರೆ ಒಂದು ಕಾರಿಗೆಂದು ಕೊಳ್ಳುವಂಥದ್ದಲ್ಲ.

ಬಬಲ್ ಫ್ಲೇರ್ ಬೇಕಾದವರು ಗಮನಿಸಿ: ಡಬ್ಬಲ್ ಫ್ಲೇರಿನ ಮೊದಲ ಹಂತವೇ ಬಬಲ್ ಎಂದು ಹೇಳುವವರಿದ್ದಾರೆ. ನೋಡಲು ಹಾಗೆಯೇ ಕಾಣುತ್ತದೆ, ಆದರೆ ಬೆನ್ನಿನ ಆಕಾರ ಬೇರೆ. ಮೆಟ್ರಿಕ್ ಬಬಲ್‌ನ ಬೆನ್ನು ಚಪ್ಪಟೆ ಇದ್ದರೆ ಮಾತ್ರ ಚಪ್ಪಟೆ ನಟ್ ಅದನ್ನು ಸಮನಾಗಿ ಒತ್ತುತ್ತದೆ. ಅದಕ್ಕೆ ಬೇರೆ ಡೈ ಇರುವ ಸೆಟ್ಟೇ ಆಗಬೇಕು. ಮೈಸೂರಿನಲ್ಲಿ ಸಿಗದಿದ್ದರೆ ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆಯಲ್ಲಿ ಟೂಲು, ಜೆ.ಸಿ. ರಸ್ತೆಯಲ್ಲಿ ನಟ್ಟು ಮತ್ತು ಪೈಪು ವಿಚಾರಿಸಿ. ಹೋಗುವಾಗ ಹಳೆ ಪೈಪಿನ ಎರಡೂ ಬಗೆಯ ತುದಿಯನ್ನು ನಟ್ ಸಮೇತ ಕಿಸೆಯಲ್ಲಿಟ್ಟುಕೊಂಡು ಹೋಗಿ.

ಉಳಿದ ಸಾಮಾನು: ಗಾಲಿ ಇರುವ ಪುಟ್ಟ ಪೈಪ್ ಕಟರ್, 3/16 ತೋಡು ಇರುವ ಪೈಪ್ ಬೆಂಡರ್, ನುಣ್ಣನೆಯ ಅರ, ಒಳಬಾಯಿ ಸವರುವ ಡೀಬರ್ರಿಂಗ್ ಟೂಲ್. ಇವುಗಳಿಗಿಂತ ಮುಖ್ಯವಾದದ್ದು ಫ್ಲೇರ್ ನಟ್ ಸ್ಪ್ಯಾನರ್. ರಿಂಗ್ ಸ್ಪ್ಯಾನರಿನ ಬಾಯಲ್ಲಿ ಪೈಪ್ ತೂರುವಷ್ಟು ಸಂದಿ ಬಿಟ್ಟಂತೆ ಇರುತ್ತದೆ. ನಟ್ಟಿನ ಐದು ಮುಖ ಹಿಡಿಯುವುದರಿಂದ ತಲೆ ಗುಂಡಗಾಗುವುದಿಲ್ಲ. ಇಂಚಿನ ಗಾಡಿಗೆ 3/8 ಮತ್ತು 7/16, ಮೆಟ್ರಿಕ್ ಗಾಡಿಗೆ 10 ಮತ್ತು 11.

ಬಿಚ್ಚುವುದು, ಅಳೆಯುವುದು

ಸಮತಟ್ಟಾದ ನೆಲ, ಚಕ್ರಕ್ಕೆ ಅಡ್ಡ, ಗಾಡಿ ಸ್ಟ್ಯಾಂಡಿನ ಮೇಲೆ. ಬರಿ ಜ್ಯಾಕ್ ನಂಬಿ ಅಡಿಗೆ ಹೋಗಬೇಡಿ. ಹಿಂದಿನ ರಾತ್ರಿಯೇ ಪ್ರತಿ ನಟ್ಟಿಗೂ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ಬೆಳಿಗ್ಗೆ ಸ್ಪ್ಯಾನರ್ ಹಾಕಿದಾಗ ನಟ್ಟಿನ ಜೊತೆ ಪೈಪೂ ತಿರುಚಿಕೊಂಡರೆ ನಿಲ್ಲಿಸಿ. ಪೈಪನ್ನು ನಟ್ಟಿನ ಹತ್ತಿರವೇ ಕತ್ತರಿಸಿ, ಆರು ಮೂಲೆಯ ಸಾಕೆಟ್ ತೂರಿಸಿ ಬಿಚ್ಚಿ. ಹೇಗಿದ್ದರೂ ಹಳೆ ಪೈಪ್ ಹೋಗುವುದೇ. ಆದರೆ ಎಸೆಯಬೇಡಿ, ಅಚ್ಚು ಅದೇ. ಬಿಚ್ಚಿದ ಪೋರ್ಟುಗಳಿಗೆಲ್ಲ ಶುಚಿಯಾದ ರಬ್ಬರ್ ಮುಚ್ಚಳ ಹಾಕಿ. ಬ್ರೇಕ್ ಆಯಿಲ್ ಪೇಂಟ್ ಮೇಲೆ ಬಿದ್ದರೆ ಆ ಕೂಡಲೇ ನೀರು ಸುರಿದು ತೊಳೆಯಿರಿ, ಒರೆಸಿದರೆ ಸಾಲದು.

ಹಳೆ ಪೈಪ್ ಮುರಿದುಹೋಗಿದ್ದರೆ ಜಿಐ ತಂತಿಯನ್ನು ಕಾರಿನಡಿಯ ದಾರಿಗುಂಟ ಬಗ್ಗಿಸಿ ಅಚ್ಚು ಮಾಡಿ. ನಂತರ ನೆಟ್ಟಗೆ ಮಾಡಿ ಅಳೆಯಿರಿ, ಎರಡು ಫ್ಲೇರಿಗೆ ಸೇರಿ 15 ಮಿಲಿಮೀಟರ್ ಕೂಡಿಸಿ. ಸುರುಳಿಯ ಪೈಪನ್ನು ನೇರ ಮಾಡಲು ಹಲಗೆಯ ಮೇಲಿಟ್ಟು ಇನ್ನೊಂದು ಹಲಗೆಯಿಂದ ಒತ್ತಿ ಉರುಳಿಸಿ. ಬೆರಳಲ್ಲಿ ತಿದ್ದಹೋದರೆ ಅಲೆ ಅಲೆಯಾಗಿ ಉಳಿಯುತ್ತದೆ.

ಒಂದು ಫ್ಲೇರ್, ಮೊದಲಿನಿಂದ ಕೊನೆಯವರೆಗೆ

ಕಟರನ್ನು ಪೈಪಿಗೆ ಹಿಡಿಸಿ ಒಂದು ಸುತ್ತು ತಿರುಗಿಸಿ, ಹಿಡಿಯನ್ನು ಕೂದಲಷ್ಟು ಬಿಗಿ ಮಾಡಿ, ಮತ್ತೊಂದು ಸುತ್ತು. ಬೇಗ ಮುಗಿಸಲು ಒಮ್ಮೆಲೇ ಬಿಗಿ ಮಾಡಿದರೆ ಪೈಪಿನ ಬಾಯಿ ಒಳಕ್ಕೆ ಮುದುರುತ್ತದೆ. ಹ್ಯಾಕ್ಸಾ ಬಳಸಿದರೆ ತುದಿ ಓರೆಯಾಗುತ್ತದೆ. ಓರೆ ತುದಿಯಿಂದ ನೇರ ಫ್ಲೇರ್ ಬರುವುದಿಲ್ಲ.

ತುಂಡಾದ ಮೇಲೆ ಅರದಿಂದ ಎರಡೇ ಬಾರಿ ಸವರಿ ಮುಖ ಚಪ್ಪಟೆ ಮಾಡಿ. ಹೊರಗಿನ ಅಂಚಿಗೆ ತುಸು ಇಳಿಜಾರು ಕೊಡಿ. ಈಗ ಪೈಪಿನ ಬಾಯಿ ಕೆಳಗೆ ಮಾಡಿ ಹಿಡಿದು ಒಳಗಿನ ಮುಳ್ಳು ತೆಗೆಯಿರಿ, ಪುಡಿ ಹೊರಗೇ ಬೀಳಲಿ. ಟಾರ್ಚ್ ಬಿಟ್ಟು ನೋಡಿ: ಒಳಬಾಯಿಯ ಸುತ್ತ ತೆಳು ಉಂಗುರದಂಥ ನೆರಳು ಕಂಡರೆ ಮುಳ್ಳು ಇನ್ನೂ ಇದೆ. ಫ್ಲೇರಿನ ಬಿರುಕು ಹುಟ್ಟುವುದು ಬಹುಪಾಲು ಈ ಉಂಗುರದಿಂದಲೇ. ಪ್ಲಾಸ್ಟಿಕ್ ಲೇಪನವಿದ್ದರೆ ತುದಿಯಲ್ಲಿ ಫ್ಲೇರ್ ಆಗುವಷ್ಟು ಜಾಗದಲ್ಲಿ ಅದನ್ನು ಕೆರೆದು ತೆಗೆಯಿರಿ.

ನಟ್ ಹಾಕಿದಿರಾ? ಫ್ಲೇರ್ ಆದ ಮೇಲೆ ನಟ್ ಒಳಗೆ ಹೋಗುವುದಿಲ್ಲ. ಎರಡೂ ತುದಿಯ ನಟ್ಟುಗಳು, ಥ್ರೆಡ್ಡಿನ ಮೂತಿ ಆಯಾ ತುದಿಯ ಕಡೆಗೆ ಮುಖ ಮಾಡಿ, ಈಗಲೇ ಪೈಪಿನ ಮೇಲಿರಬೇಕು.

ಪೈಪನ್ನು ಪಟ್ಟಿಯ ತೂತಿನಲ್ಲಿಟ್ಟು, ಪಟ್ಟಿಯ ಮೇಲೆ ಎಷ್ಟು ಎದ್ದಿರಬೇಕು ಎಂದು ಡೈಯಿಂದಲೇ ಅಳೆಯಿರಿ. ಡೈಯನ್ನು ಪಕ್ಕಕ್ಕೆ ಮಲಗಿಸಿ ಹಿಡಿದರೆ ಅದರ ಮೆಟ್ಟಿಲಿನ ದಪ್ಪಕ್ಕೆ ಪೈಪಿನ ತುದಿ ಸರಿಸಮ ಬರಬೇಕು. ಮೊದಲು ಪೈಪಿನ ಹತ್ತಿರದ ರೆಕ್ಕೆ ನಟ್, ಆಮೇಲೆ ದೂರದ್ದು, ಎರಡನ್ನೂ ಬಲವಾಗಿ ಬಿಗಿ ಮಾಡಿ. ಪಟ್ಟಿಯ ಹಲ್ಲಿನಲ್ಲಿ ಎಣ್ಣೆ ಇರಬಾರದು. ಡೈಯ ಮೊಳೆಗೆ ಒಂದು ತೊಟ್ಟು ಬ್ರೇಕ್ ಆಯಿಲ್ ಸವರಿ. ಎಂಜಿನ್ ಆಯಿಲ್, ಗ್ರೀಸ್ ಬೇಡವೇ ಬೇಡ, ಒಳಗೆ ಉಳಿದ ಚೂರೂ ಬ್ರೇಕಿನ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

ಮೊಳೆಯನ್ನು ಪೈಪಿನೊಳಗಿಟ್ಟು ನೊಗ ಇಳಿಸಿ ತಿರುಗಿಸಿ. ಡೈಯ ಭುಜ ಪಟ್ಟಿಗೆ ತಾಗಿದಾಗ ನಿಲ್ಲಿಸಿ. ನೊಗ ತೆಗೆದರೆ ಪೈಪಿನ ತುದಿ ತಂಬಿಗೆಯ ಹಾಗೆ ಕಾಣಬೇಕು: ಹೊಟ್ಟೆ ಉಬ್ಬಿ, ಬಾಯಿ ಮತ್ತೆ ಕಿರಿದಾಗಿ. ತಂಬಿಗೆ ಒಂದು ಕಡೆಗೆ ವಾಲಿದ್ದರೆ ಮುಂದೆ ಹೋಗಬೇಡಿ, ಕತ್ತರಿಸಿ ಮತ್ತೆ ಶುರು ಮಾಡಿ. ಸರಿಯಿದ್ದರೆ ಡೈ ಇಲ್ಲದೆ ಬರಿ ಶಂಕುವಿನಿಂದ ಒತ್ತಿ. ದರ್ಜಿ ಬಟ್ಟೆಯ ಅಂಚನ್ನು ಒಳಕ್ಕೆ ಮಡಿಸುವಂತೆ ಬಾಯಿ ಒಳಕ್ಕೆ ಮಡಿದು ಎರಡು ಪದರದ ಆಲಿಕೆಯಾಗುತ್ತದೆ. ಬಿಗಿಯಾಗುತ್ತಿದ್ದಂತೆ ನಿಲ್ಲಿಸಿ. ಇನ್ನೂ ಒಂದು ಸುತ್ತು ಎಂದು ಒತ್ತಿದರೆ ಮಡಿಕೆ ತೆಳುವಾಗಿ ಬಿರಿಯುತ್ತದೆ.

ಮುಗಿದ ಫ್ಲೇರಿನ ಅಗಲ 7 ಮಿಲಿಮೀಟರ್ ಆಸುಪಾಸು ಇರಬೇಕು. ಚಿಕ್ಕದಾಗಿದ್ದರೆ ಪೈಪ್ ಸಾಲದಷ್ಟು ಎದ್ದಿತ್ತು ಅಥವಾ ಹಿಂದಕ್ಕೆ ಜಾರಿತು ಎಂದರ್ಥ. ಅಂಥದ್ದನ್ನು ಹಾಕಿದರೆ ಬ್ರೇಕಿನ ಒತ್ತಡಕ್ಕೆ ಪೈಪೇ ನಟ್ಟಿನಿಂದ ಕಳಚಿ ಬರಬಹುದು. ಭೂತಕನ್ನಡಿಯಲ್ಲಿ ಒಳಮುಖ ನೋಡಿ: ಗೀರು, ಬಿರುಕು, ಅಂಟಿದ ಲೋಹದ ಚೂರು ಯಾವುದೂ ಇರಬಾರದು. ಚಿಕ್ಕ ತುಂಡುಗಳ ಮೇಲೆ ಸಾಲಾಗಿ ಐದು ಫ್ಲೇರ್ ಒಂದೇ ರೀತಿ ಬರುವವರೆಗೂ ಕಾರಿನ ಪೈಪಿಗೆ ಕೈ ಹಾಕಬೇಡಿ.

ಬಗ್ಗಿಸಿ ಕೂರಿಸುವುದು

ಒಂದು ತುದಿ ಫ್ಲೇರ್ ಮಾಡಿ, ನಂತರ ಬಗ್ಗಿಸಿ, ಕೊನೆಗೆ ಎರಡನೇ ತುದಿ. ಟೂಲಿನ ಹಿಡಿತಕ್ಕೆ ಮತ್ತು ನಟ್ ಹಿಂದೆ ಸರಿಯಲು ತುದಿಯಲ್ಲಿ 50 ಮಿಲಿಮೀಟರ್ ನೇರ ಇರಬೇಕು. ಬಾಗಿನ ತ್ರಿಜ್ಯ 20 ಮಿಲಿಮೀಟರಿಗಿಂತ ಕಡಿಮೆ ಬೇಡ. ಒಮ್ಮೆ ಮಡಿಕೆ ಬಿದ್ದ ಪೈಪನ್ನು ನೆಟ್ಟಗೆ ಮಾಡಿ ಬಳಸಬೇಡಿ.

ಹಾಕುವ ಮುನ್ನ ಒಳಗೆ ಗಾಳಿ ಹೊಡೆಯಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ಗಾಳಿಯಲ್ಲಿ ನೀರು, ಎಣ್ಣೆ ಎರಡೂ ಇರಬಹುದು. ಆದ್ದರಿಂದ ಆಮೇಲೆ ಬ್ರೇಕ್ ಕ್ಲೀನರ್ ಹಾಯಿಸಿ, ಕೊನೆಗೆ ಸ್ವಲ್ಪ ಹೊಸ ಬ್ರೇಕ್ ಆಯಿಲ್ ಹರಿಯಬಿಟ್ಟು ತೊಳೆಯಿರಿ. ಪೈಪು ಹಳೆಯ ದಾರಿಯಲ್ಲೇ ಹೋಗಲಿ, ಸೈಲೆನ್ಸರ್ ಪೈಪಿನಿಂದ ದೂರವಿರಲಿ, ಸುಮಾರು 30 ಸೆಂಟಿಮೀಟರಿಗೊಂದು ಕ್ಲಿಪ್ ಇರಲಿ.

ನಟ್ಟನ್ನು ಬೆರಳಲ್ಲೇ ನಾಲ್ಕೈದು ಸುತ್ತು ತಿರುಗಿಸಿ. ಬೆರಳಿಗೆ ಹೋಗದ ನಟ್ ಸ್ಪ್ಯಾನರಿಗೂ ಹೋಗಬಾರದು. ಎಲ್ಲ ಪೈಪಿನ ಎಲ್ಲ ನಟ್ಟುಗಳೂ ಬೆರಳ ಬಿಗಿಯಲ್ಲಿ ಕೂತ ಮೇಲೆ ಸ್ಪ್ಯಾನರ್ ತೆಗೆದುಕೊಳ್ಳಿ. ಬಿಗಿ ಮಾಡಿ, ಅರ್ಧ ಸುತ್ತು ಸಡಿಲಿಸಿ, ಮತ್ತೆ ಬಿಗಿ ಮಾಡಿ. ಹೀಗೆ ಎರಡು ಬಾರಿ ಮಾಡಿದರೆ ಫ್ಲೇರ್ ಶಂಕುವಿನ ಆಕಾರಕ್ಕೆ ಹೊಂದಿಕೊಂಡು ಕೂರುತ್ತದೆ. ಕೊನೆಯ ಬಿಗಿ 12ರಿಂದ 15 ನ್ಯೂಟನ್ ಮೀಟರ್, ಅಂದರೆ ಚಿಕ್ಕ ಸ್ಪ್ಯಾನರಿನಲ್ಲಿ ಮಣಿಕಟ್ಟಿನ ಬಲ. ಟೆಫ್ಲಾನ್ ಟೇಪ್ ಸುತ್ತಬೇಡಿ. ಇಲ್ಲಿ ಸೋರಿಕೆ ತಡೆಯುವುದು ಥ್ರೆಡ್ ಅಲ್ಲ, ಫ್ಲೇರ್. ಟೇಪಿನ ಚೂರು ಒಳಗೆ ಹೋದರೆ ಸಣ್ಣ ತೂತುಗಳನ್ನು ಮುಚ್ಚುತ್ತದೆ. ರಬ್ಬರ್ ಹೋಸ್ ಕೂಡ ಈಗಲೇ ಬದಲಾಯಿಸಿ, ಬಿಗಿ ಮಾಡುವಾಗ ಹೋಸ್ ತಿರುಚದಂತೆ ಇನ್ನೊಂದು ಸ್ಪ್ಯಾನರಿನಲ್ಲಿ ಅದರ ತಲೆ ಹಿಡಿಯಿರಿ.

ಡ್ರಮ್ ಬ್ರೇಕ್ ಇದ್ದರೆ ಶೂ ಅಡ್ಜಸ್ಟ್ ಮಾಡಿದ ಮೇಲೆ, ಪೈಪಿನೊಳಗೆ ಸೇರಿದ ಏರ್ ತೆಗೆಯಿರಿ. ಬಲಗಡೆ ಸ್ಟಿಯರಿಂಗ್ ಇರುವ ನಮ್ಮ ಗಾಡಿಗಳಲ್ಲಿ ಹಿಂದಿನ ಎಡ ಚಕ್ರ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ ಎಂಬುದು ವಾಡಿಕೆಯ ಕ್ರಮ. ಹೊಸದಾಗಿ ತೆರೆದ ಡಾಟ್ 3 ಅಥವಾ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಒಂದು ಲೀಟರ್ ಇಟ್ಟುಕೊಳ್ಳಿ. ಸಿಲಿಕೋನಿನ ಡಾಟ್ 5 ಜೊತೆ ಬೆರೆಸಬೇಡಿ.

ಇನ್ನೊಬ್ಬರನ್ನು ಸೀಟಿನಲ್ಲಿ ಕೂರಿಸಿ, ಎರಡು ನಿಮಿಷ ಪೆಡಲನ್ನು ಪೂರ್ತಿ ಬಲದಿಂದ ತುಳಿದು ಹಿಡಿಯಲು ಹೇಳಿ. ಪೆಡಲ್ ಮೆಲ್ಲಗೆ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿದೆ ಅಥವಾ ಮಾಸ್ಟರ್ ಸಿಲಿಂಡರಿನ ವಾಷರ್ ಹೋಗಿದೆ. ನೀವು ಅಡಿಯಲ್ಲಿ ಪ್ರತಿ ನಟ್ಟಿಗೂ ಬಿಳಿ ಟಿಶ್ಯೂ ಕಾಗದ ಸುತ್ತಿ ತೆಗೆಯಿರಿ. ಕಣ್ಣಿಗೆ ಕಾಣದ ತೇವವೂ ಕಾಗದದಲ್ಲಿ ಕಲೆಯಾಗುತ್ತದೆ. ತೇವ ಕಂಡ ನಟ್ಟನ್ನು ತುಸು ಬಿಗಿ ಮಾಡಿ ನೋಡಿ. ಆಗಲೂ ನಿಲ್ಲದಿದ್ದರೆ ಬಲ ಹಾಕಬೇಡಿ, ಬಿಚ್ಚಿ ಹೊಸ ಫ್ಲೇರ್ ಮಾಡಿ.

ಮೊದಲ ಓಟ ಖಾಲಿ ಮೈದಾನದಲ್ಲಿ, ನಡಿಗೆಯ ವೇಗದಲ್ಲಿ, ಹ್ಯಾಂಡ್ ಬ್ರೇಕ್ ಕೆಲಸ ಮಾಡುತ್ತಿದೆ ಎಂದು ಖಾತ್ರಿ ಮಾಡಿಕೊಂಡ ಮೇಲೆ. ನೂರು ಕಿಲೋಮೀಟರ್ ಊರೊಳಗೆ ಓಡಿಸಿ, ಮತ್ತೆ ಅಡಿಗೆ ಹೋಗಿ ಟಿಶ್ಯೂ ಸುತ್ತಿ ನೋಡಿ. ಅದು ಒಣಗಿದ್ದರೆ ಮಾತ್ರ ಚಾಮುಂಡಿ ಬೆಟ್ಟದ ರಸ್ತೆಗೆ ಹೋಗಿ. ಇಳಿಯುವಾಗ ಎರಡನೇ ಗೇರಿನಲ್ಲಿ ಬನ್ನಿ, ಕೆಳಗೆ ಬಂದು ನಿಲ್ಲಿಸಿದ ತಕ್ಷಣ ಆಯಿಲ್ ಡಬ್ಬಿಯ ಮಟ್ಟ ನೋಡಿ. ಹೊರಡುವಾಗ ಹಾಕಿದ ಗುರುತಿನಲ್ಲೇ ಇರಬೇಕು.